ಮೇಜಿನಡಿಯ ಬೋಲ್ಟ್ ಸಡಿಲಿಸುವ ಮೊದಲು: ಕೊಡತಿಯೋ, ಕೊಂಡ ಬ್ರಾಕೆಟ್ಟೋ, ಲೇತ್ ಅಂಗಡಿಯ ತಿರುಪೋ?

ಸೌದಿಯಲ್ಲಿ ಮರಗೆಲಸ ಮಾಡಿ ಊರಿಗೆ ಮರಳಿದ ನೆರೆಯವರೊಬ್ಬರಿಂದ ನಾನು ಕೊಂಡ ಟೇಬಲ್ ಸಾ ಯಂತ್ರವು (ಮೇಜಿನ ಸೀಳಿನಿಂದ ದುಂಡು ಬ್ಲೇಡು ಮೇಲೆದ್ದು ತಿರುಗುವ ಗರಗಸ) ಬದಿಯಡ್ಕದ ನಮ್ಮ ಶೆಡ್ಡಿಗೆ ಬಂದಿಳಿದಾಗ, ಅದರ ಬ್ಲೇಡು ಮೈಟರ್ ಸ್ಲಾಟಿಗೆ, ಅಂದರೆ ಮೇಜಿನ ಮೇಲೆ ಮುಂದಿನಿಂದ ಹಿಂದಕ್ಕೆ ಕೊರೆದ ನೇರ ಕಾಲುವೆಗೆ, ಸುಮಾರು ಅರ್ಧ ಮಿಲಿಮೀಟರಿನಷ್ಟು ಓರೆಯಾಗಿ ನಿಂತಿತ್ತು. ಕಣ್ಣಿಗೆ ಅದು ಕಾಣುತ್ತಿರಲಿಲ್ಲ. ಹಲಸಿನ ಹಲಗೆ ಸೀಳಿದಾಗ ಕೊಯ್ದ ಅಂಚಿನಲ್ಲಿ ಸುಟ್ಟ ಕಂದು ಗೆರೆಗಳು ಮೂಡಿದವು. ಕಿರಾಲುಬೋಗಿ ಎಂಬ ಗಟ್ಟಿಮರದ ತುಂಡೊಂದನ್ನು ಕೊಟ್ಟಾಗ ಹಲಗೆಯ ಹಿಂತುದಿ ಮೇಲೆದ್ದು ನನ್ನ ಕಡೆಗೇ ನುಗ್ಗಿತು. ಬ್ಲೇಡಿನ ಹಿಂಭಾಗದ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಏಳುತ್ತ ಬರುವುದರಿಂದ, ಆ ಭಾಗವು ಫೆನ್ಸಿನ (ಹಲಗೆಯನ್ನು ಆನಿಸಿ ನೂಕುವ ಪಕ್ಕದ ಪಟ್ಟಿಯ) ಕಡೆಗೆ ಸರಿದಿದ್ದರೆ ಮರವು ಎರಡರ ನಡುವೆ ಸಿಕ್ಕಿಕೊಂಡು, ಎತ್ತಲ್ಪಟ್ಟು, ಆಳಿನ ಮೇಲೆ ಎಸೆಯಲ್ಪಡುತ್ತದೆ. ಆದ್ದರಿಂದ ಈ ಹೊಂದಾಣಿಕೆಯು ಕೆಲಸದ ಅಂದಕ್ಕೆ ಎಷ್ಟು ಮುಖ್ಯವೋ ಕೈಬೆರಳುಗಳ ಕ್ಷೇಮಕ್ಕೂ ಅಷ್ಟೇ ಮುಖ್ಯ.

ಓರೆಯನ್ನು ಸರಿಪಡಿಸಲು ಮೂರು ದಾರಿಗಳಿವೆ. ಬೋಲ್ಟ್ ಸಡಿಲಿಸಿ ಕೊಡತಿಯಿಂದ ತಟ್ಟುವುದು ಒಂದು. ಈ ಉದ್ದೇಶಕ್ಕೆಂದೇ ಹೊರಗಿನ ತಯಾರಕರು ಮಾರುವ ಹೊಂದಾಣಿಕೆ ಬ್ರಾಕೆಟ್ಟುಗಳನ್ನು ತರಿಸುವುದು ಇನ್ನೊಂದು. ಅದೇ ತತ್ತ್ವದ ತುಂಡನ್ನು ಊರಿನ ಲೇತ್ ಅಂಗಡಿಯಲ್ಲಿ ಮಾಡಿಸಿಕೊಳ್ಳುವುದು ಮೂರನೆಯದು. ಮೂರನ್ನೂ ನಾನು ಒಂದೇ ಯಂತ್ರದ ಮೇಲೆ ಪ್ರಯೋಗಿಸಿದ್ದೇನೆ. ಬ್ರಾಕೆಟ್ ಹಾಕಿದ ಮಾತ್ರಕ್ಕೆ ಯಂತ್ರ ನಿಖರವಾಗುವುದಿಲ್ಲ. ನಾವು ಅಳೆದು ಕೂರಿಸಿದ ಸ್ಥಾನ ಜಾರದಂತೆ ಹಿಡಿದಿಡುವುದಷ್ಟೇ ಅದರ ಕೆಲಸ. ಯಾವ ದಾರಿ ಹಿಡಿಯಬೇಕೆಂಬುದು ನಿಮ್ಮ ಯಂತ್ರವು ನಿಖರತೆಯನ್ನು ಎಲ್ಲಿ ಕಳೆದುಕೊಳ್ಳುತ್ತಿದೆ ಎಂಬುದರ ಮೇಲೆ ನಿಂತಿದೆ.

ಯಂತ್ರದ ರಚನೆ

ಅಮೆರಿಕದಲ್ಲಿ ‘ಕಾಂಟ್ರಾಕ್ಟರ್ ಸಾ’ ಎಂದು ಕರೆಯುವ ಈ ಜಾತಿಯ ಯಂತ್ರದಲ್ಲಿ ಎರಕದ ಕಬ್ಬಿಣದ ಮೇಜಿನ ಅಡಿಗೆ ಮುಂದೊಂದು, ಹಿಂದೊಂದು ಟ್ರನಿಯನ್ ಎಂಬ ಆಸನಗಳನ್ನು ಬೋಲ್ಟ್ ಹಾಕಿ ತೂಗುಬಿಟ್ಟಿರುತ್ತಾರೆ. ಬ್ಲೇಡು, ಅದರ ಶಾಫ್ಟು, ವಾಲಿಸುವ ತೊಟ್ಟಿಲು ಎಲ್ಲವೂ ಈ ಆಸನಗಳ ಮೇಲೆ ನಿಂತಿದ್ದರೆ, ಮೋಟರು ಯಂತ್ರದ ಬೆನ್ನಿನಿಂದಾಚೆಗೆ ನೇತಾಡುತ್ತದೆ. ಆ ಭಾರವೆಲ್ಲ ಹಿಂದಿನ ಟ್ರನಿಯನ್ನಿನ ಮೇಲೆ ಬೀಳುವುದರಿಂದ, ಯಂತ್ರವನ್ನು ಪಿಕಪ್ಪಿನಲ್ಲಿ ಹೇರಿ ಗುಡ್ಡದ ರಸ್ತೆಯಲ್ಲಿ ಒಯ್ದಾಗಲೋ ಬ್ಲೇಡನ್ನು ಪದೇ ಪದೇ ವಾಲಿಸಿದಾಗಲೋ ಜಾರುವುದು ಅದೇ ತುದಿ. ಕ್ಯಾಬಿನೆಟ್ ಸಾ ಎಂಬ ದೊಡ್ಡ ಜಾತಿಯಲ್ಲಿ (ಡೆಲ್ಟಾ ಕಂಪನಿ 1939ರಲ್ಲಿ ಹೊರತಂದ ಯೂನಿಸಾ ಅದರಲ್ಲಿ ಹೆಸರುವಾಸಿ) ಟ್ರನಿಯನ್ನುಗಳು ಪೆಟ್ಟಿಗೆಗೇ ಕಚ್ಚಿಕೊಂಡಿರುತ್ತವೆ. ಅಲ್ಲಿ ಮೇಜಿನ ನಾಲ್ಕು ಬೋಲ್ಟ್ ಸಡಿಲಿಸಿ ಮೇಜನ್ನೇ ಸರಿಸಿದರೆ ಸಾಕು, ಈ ಬರಹದ ಪಾಡು ಅವರಿಗಿಲ್ಲ.

ಅಳತೆ ಮೊದಲು, ಖರ್ಚು ಆಮೇಲೆ

ಯಾವ ಭಾಗವನ್ನೂ ಕೊಳ್ಳುವ ಮೊದಲು ಓರೆ ಎಷ್ಟಿದೆ ಎಂದು ತಿಳಿಯಬೇಕು. ಪ್ಲಗ್ ಕಿತ್ತು, ಬ್ಲೇಡನ್ನು ಪೂರ್ತಿ ಮೇಲಕ್ಕೆತ್ತಿ, ಒಂದು ಹಲ್ಲಿನ ಬುಡದಲ್ಲಿ ಬ್ಲೇಡಿನ ಮೈಮೇಲೆ ಮಾರ್ಕರಿನಿಂದ ಗುರುತು ಹಾಕಬೇಕು. ಆ ಗುರುತನ್ನು ಮುಂದಕ್ಕೆ ತಂದು ಸ್ಲಾಟಿನಿಂದ ಅದಕ್ಕಿರುವ ದೂರವನ್ನು ಅಳೆದು, ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಗುರುತನ್ನು ಹಿಂದಕ್ಕೆ ಒಯ್ದು ಮತ್ತೆ ಅಳೆಯಬೇಕು. ಮುಂದೊಂದು ಹಲ್ಲನ್ನೂ ಹಿಂದೆ ಬೇರೊಂದು ಹಲ್ಲನ್ನೂ ಅಳೆದವರು ಯಂತ್ರದ ಓರೆಯ ಜೊತೆಗೆ ಬ್ಲೇಡಿನ ಸೊಟ್ಟನ್ನೂ ಸೇರಿಸಿ ಅಳೆದಂತಾಗುತ್ತದೆ. ಇಲ್ಲದ ರೋಗಕ್ಕೆ ಮದ್ದು ಮಾಡುವುದು ಬಹುಪಾಲು ಹೀಗೆಯೇ ಆರಂಭವಾಗುತ್ತದೆ. 10 ಇಂಚಿನ ಬ್ಲೇಡು ಮೇಜಿನಿಂದ 79 ಮಿಲಿಮೀಟರ್ ಮೇಲೆದ್ದಾಗ, ಮೇಜಿನ ಮಟ್ಟದಲ್ಲಿ ಅದರ ಮುಂತುದಿಯಿಂದ ಹಿಂತುದಿಗೆ ಸುಮಾರು 235 ಮಿಲಿಮೀಟರ್ ದೂರವಿರುತ್ತದೆ. ನೀವು ಅಳೆಯುವ ಎರಡು ಬಿಂದುಗಳ ನಡುವಿನ ದೂರ ಇದಕ್ಕಿಂತ ತುಸು ಕಡಿಮೆ ಬರುತ್ತದೆ.

ಅಳೆಯುವ ಸಾಧನವಾಗಿ 0.01 ಮಿಲಿಮೀಟರ್ ತೋರಿಸುವ ಡಯಲ್ ಗೇಜ್ ಎಲ್ಲಕ್ಕಿಂತ ಒಳ್ಳೆಯದು. ಸ್ಲಾಟಿನಲ್ಲಿ ಬಿಗಿಯಾಗಿ ಜಾರುವ ತೇಗದ ಪಟ್ಟಿಯೊಂದಕ್ಕೆ ಅದನ್ನು ಕಟ್ಟಿ, ಪಟ್ಟಿಯನ್ನು ಎರಡು ಸಲವೂ ಸ್ಲಾಟಿನ ಒಂದೇ ಗೋಡೆಗೆ ಒತ್ತಿ ಹಿಡಿದರೆ, ಅಮೆರಿಕದಿಂದ ತರಿಸುವ ವಿಶೇಷ ಅಳತೆ ಸಾಧನಗಳ ಕೆಲಸವನ್ನೆಲ್ಲ ಇದು ಮಾಡುತ್ತದೆ. ಡಯಲ್ ಇಲ್ಲದವರು ಬೈಕ್ ರಿಪೇರಿಯವರಲ್ಲಿ ಟ್ಯಾಪೆಟ್ ಸರಿಮಾಡಲು ಇಟ್ಟುಕೊಳ್ಳುವ ಫೀಲರ್ ಗೇಜನ್ನು (ದಪ್ಪ ಬರೆದಿರುವ ತೆಳು ತಗಡುಗಳ ಕಟ್ಟನ್ನು) ಎರವಲು ತಂದು, ಮರದ ಪಟ್ಟಿಯ ಕೊನೆಗೆ ಹಿತ್ತಾಳೆಯ ಸ್ಕ್ರೂ ಒಂದನ್ನು ಹಾಕಿ, ಸ್ಕ್ರೂ ತಲೆಗೂ ಬ್ಲೇಡಿಗೂ ನಡುವಿನ ಸಂದನ್ನು ಅಳೆಯಬಹುದು. ಇದು ನಿಧಾನದ ವಿಧಾನವಾದರೂ ಮೋಸ ಮಾಡುವುದಿಲ್ಲ.

ಎಷ್ಟು ಓರೆಯನ್ನು ಒಪ್ಪಬಹುದು? ಕಸುಬಿನವರು ಸಾಮಾನ್ಯವಾಗಿ ಹೇಳುವ ಮಿತಿ ಒಂದಿಂಚಿನ ಸಾವಿರದಲ್ಲೈದು ಪಾಲು, ಅಂದರೆ 0.13 ಮಿಲಿಮೀಟರ್, ಅದರ ಅರ್ಧಕ್ಕೆ ತಂದರೆ ಪೀಠೋಪಕರಣದ ಕೆಲಸಕ್ಕೆ ಧಾರಾಳವಾಗಿ ಸಾಕು. ಝೆರಾಕ್ಸ್ ಅಂಗಡಿಯ ಒಂದು ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್ ಎಂದರೆ ಅಂದಾಜು ಸಿಗುತ್ತದೆ. ನಮ್ಮ ಕಡೆಯ ಆಚಾರಿಗಳು ‘ನೂಲು’ ಎಂದು ಕರೆಯುವ ಅಳತೆ ಒಂದಿಂಚಿನ ಎಂಟನೆಯ ಒಂದು ಪಾಲು, ಅಂದರೆ ಮೂರು ಮಿಲಿಮೀಟರಿಗಿಂತ ಹೆಚ್ಚು. ಬಾಗಿಲಿನ ದಾರಂದಕ್ಕೆ ಅದು ಒಪ್ಪುವ ಮಾನ, ಇಲ್ಲಿ ಅದರ ಮಾತೇ ಬರುವುದಿಲ್ಲ.

ಅಳೆದಾಗ ಓರೆ ಮಿತಿಯೊಳಗೇ ಇದ್ದರೆ ಬೋಲ್ಟುಗಳನ್ನು ಮುಟ್ಟಬೇಡಿ. ಸುಟ್ಟ ಗೆರೆಗೆ ಫೆನ್ಸು ಅಥವಾ ಮೊಂಡಾದ ಬ್ಲೇಡು ಕಾರಣವಾಗಿರಬಹುದು.

ಕೊಡತಿಯ ದಾರಿ

ಮುಂದಿನ ಟ್ರನಿಯನ್ನಿನ ಒಂದು ಬೋಲ್ಟನ್ನು ಬಿಗಿಯಾಗಿಯೇ ಬಿಟ್ಟು, ಉಳಿದವನ್ನು ಸ್ವಲ್ಪವೇ ಸಡಿಲಿಸಿ, ಹಿಂದಿನ ಟ್ರನಿಯನ್ನಿಗೆ ಮರದ ತುಂಡು ಆನಿಸಿ ಕೊಡತಿಯಿಂದ ತಟ್ಟಿ ಸರಿಸುವುದು ಹಳೆಯ ಕ್ರಮ. ಕಬ್ಬಿಣದ ಸುತ್ತಿಗೆಯಿಂದ ನೇರವಾಗಿ ಹೊಡೆಯಲೇಬಾರದು. ಎರಕದ ಕಬ್ಬಿಣ ಬಾಗುವುದಿಲ್ಲ, ಬಿರುಕು ಬಿಡುತ್ತದೆ, ಮತ್ತು ಹಳೆಯ ಯಂತ್ರಕ್ಕೆ ಬದಲಿ ಟ್ರನಿಯನ್ ಸಿಗುವುದು ದುರ್ಲಭ.

ಖರ್ಚಿಲ್ಲದಿರುವುದು ಇದರ ಗುಣ. ದೋಷಗಳು ಎರಡು. ತಟ್ಟಿದಾಗ ಎಷ್ಟು ಸರಿಯುತ್ತದೆ ಎಂಬುದು ಕೈಯ ಹಿಡಿತದಲ್ಲಿರುವುದಿಲ್ಲ: ಮೂರು ಪೆಟ್ಟಿಗೆ ಅಲುಗದ ಟ್ರನಿಯನ್ ನಾಲ್ಕನೆಯದಕ್ಕೆ ಬೇಕಾದ ಜಾಗವನ್ನು ದಾಟಿ ಹೋಗುತ್ತದೆ. ಎರಡನೆಯದು ಹೆಚ್ಚು ಕಾಡುವಂಥದ್ದು. ಬೋಲ್ಟ್ ಬಿಗಿಯುವಾಗ ಅದರ ತಲೆಯೊಡನೆ ವಾಷರೂ ತಿರುಗಿ, ಟ್ರನಿಯನ್ನನ್ನು ತನ್ನ ಜೊತೆ ಎಳೆದುಕೊಳ್ಳುತ್ತದೆ. ಡಯಲಿನಲ್ಲಿ ಸೊನ್ನೆ ನೋಡಿ ಸಂತೋಷಪಟ್ಟವನು ಬಿಗಿದ ಮೇಲೆ ನೋಡಿದರೆ ಮುಳ್ಳು ಮತ್ತೆ ಆಚೆ ಸರಿದಿರುತ್ತದೆ. ಎರಡೂ ಬೋಲ್ಟುಗಳನ್ನು ಕಾಲು ಸುತ್ತಿನಂತೆ ಸರದಿಯಲ್ಲಿ ಬಿಗಿಯುವುದರಿಂದ, ವಾಷರಿನ ಮೇಲ್ಮೈಗೆ ಒಂದು ಹನಿ ಎಣ್ಣೆ ಹಾಕುವುದರಿಂದ, ಎಷ್ಟು ಸರಿಯುತ್ತದೆಂದು ತಿಳಿದು ಮೊದಲೇ ಅಷ್ಟನ್ನು ಎದುರು ದಿಕ್ಕಿಗೆ ಇಡುವುದರಿಂದ ಇದನ್ನು ಗೆಲ್ಲಬಹುದು. ನನಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಆದರೂ ಯಂತ್ರವನ್ನು ಒಂದೇ ಕಡೆ ನಿಲ್ಲಿಸಿ, 90 ಡಿಗ್ರಿಯಲ್ಲೇ ಕೊಯ್ಯುವವರಿಗೆ ವರ್ಷಕ್ಕೊಂದು ಮಧ್ಯಾಹ್ನ ದುಬಾರಿಯಲ್ಲ. ಅವರು ಇನ್ನೇನನ್ನೂ ಕೊಳ್ಳಬೇಕಿಲ್ಲ ಎಂದೇ ನನ್ನ ಅಭಿಪ್ರಾಯ.

ಕೊಂಡು ತರಿಸುವ ಬ್ರಾಕೆಟ್

ಈ ಬಗೆಯ ಭಾಗಗಳಲ್ಲಿ ಹೆಚ್ಚು ಹೆಸರಾದದ್ದು ಇನ್-ಲೈನ್ ಇಂಡಸ್ಟ್ರೀಸ್ ಎಂಬ ಅಮೆರಿಕದ ಸಂಸ್ಥೆ ಮಾರಿದ ‘ಪಾಲ್ಸ್’. ನೋಡಲು ಅದು ಬಗ್ಗಿಸಿದ ಎರಡು ಲೋಹದ ತುಂಡುಗಳಷ್ಟೇ. ಹಿಂದಿನ ಟ್ರನಿಯನ್ನಿನ ಬೋಲ್ಟುಗಳ ಜೊತೆಗೆ ಒಂದೊಂದು ತುಂಡನ್ನು ಕೂರಿಸಿದಾಗ, ಅದರ ಅಡ್ಡ ಕಾಲಿನಲ್ಲಿರುವ ತಿರುಪು ಟ್ರನಿಯನ್ನಿನ ಪಕ್ಕೆಗೆ ತಾಗುತ್ತದೆ. ಬೋಲ್ಟ್ ಮೇಜಿನಲ್ಲಿ ಕಚ್ಚಿಕೊಂಡಿರುತ್ತದೆ, ಟ್ರನಿಯನ್ನಿನ ರಂಧ್ರ ಮಾತ್ರ ಬೋಲ್ಟಿಗಿಂತ ತುಸು ದೊಡ್ಡದಾಗಿರುತ್ತದೆ. ಆದ್ದರಿಂದ ಎಡಗಡೆಯ ತಿರುಪನ್ನು ಹಿಂದೆಗೆದು ಬಲಗಡೆಯದನ್ನು ತಿರುಗಿಸಿದರೆ ಟ್ರನಿಯನ್ ಎಡಕ್ಕೆ ಜಾರುತ್ತದೆ. ಹಂತ ಮುಗಿದ ಮೇಲೆ ಎರಡೂ ತಿರುಪುಗಳು ಎರಡು ಕಡೆಯಿಂದ ಒತ್ತಿ ಹಿಡಿಯುವುದರಿಂದ, ಬೋಲ್ಟ್ ಬಿಗಿಯುವಾಗ ವಾಷರು ಎಷ್ಟು ಎಳೆದರೂ ಟ್ರನಿಯನ್ ಕದಲುವುದಿಲ್ಲ. ಕೊಡತಿಯ ಎರಡು ದೋಷಗಳಿಗೂ ಇದೊಂದೇ ಉತ್ತರ.

ಲೆಕ್ಕವೂ ಸರಳವಾಗುತ್ತದೆ. ಅಳತೆಯ ಎರಡು ಬಿಂದುಗಳ ಅಂತರಕ್ಕಿಂತ ಟ್ರನಿಯನ್ನುಗಳ ಅಂತರ ಒಂದೂವರೆ ಪಟ್ಟು ಇದ್ದು, ಬ್ಲೇಡಿನ ಓರೆ 0.2 ಮಿಲಿಮೀಟರ್ ಎಂದಾದರೆ, ಹಿಂದಿನ ಟ್ರನಿಯನ್ 0.3 ಮಿಲಿಮೀಟರ್ ಸರಿಯಬೇಕು. ಕಾಲಿಂಚಿನ, ಇಂಚಿಗೆ 20 ಸುತ್ತಿನ ತಿರುಪು ಒಂದು ಸುತ್ತಿಗೆ 1.27 ಮಿಲಿಮೀಟರ್ ಸಾಗುತ್ತದೆ. ಹಾಗಾಗಿ ಕಾಲು ಸುತ್ತಿಗೆ ಕೆಲಸ ಮುಗಿಯುತ್ತದೆ. ಕೊಡತಿಗೆ ಇಂಥ ಲೆಕ್ಕವಿಲ್ಲ.

ಕೊಳ್ಳುವ ಮುನ್ನ ನೋಡಬೇಕಾದ್ದು ಟ್ರನಿಯನ್ನಿನ ಆಕಾರವನ್ನು. ತಿರುಪು ತಾಗಲು ಚಪ್ಪಟೆಯಾದ ಪಕ್ಕೆ ಬೇಕು. ಬ್ರಾಕೆಟ್ ಕೂತ ಮೇಲೆಯೂ ಬ್ಲೇಡು 45 ಡಿಗ್ರಿಗೆ ಅಡ್ಡಿಯಿಲ್ಲದೆ ವಾಲಬೇಕು. ಅಲೆನ್ ಕೀ ತಿರುಗಿಸಲು ಪೆಟ್ಟಿಗೆಯೊಳಗೆ ಕೈಗೆ ಜಾಗವಿರಬೇಕು. ಜೊತೆಗೆ ಬರುವ ಬೋಲ್ಟುಗಳ ಥ್ರೆಡ್ ನಿಮ್ಮ ಮೇಜಿನದ್ದೇ ಆಗಿರಬೇಕು, ಇದನ್ನು ನಾನು ಒತ್ತಿ ಹೇಳುತ್ತೇನೆ. 5/16 ಇಂಚಿನ ಬೋಲ್ಟಿನ ವ್ಯಾಸ 7.94 ಮಿಲಿಮೀಟರ್, ಮಿಲಿಮೀಟರ್ ಮಾನದ ಎಂ8 ಬೋಲ್ಟಿನದ್ದು 8. ಕೈಗೆ ಎರಡೂ ಒಂದೇ ಅನ್ನಿಸುತ್ತವೆ, ಮೊದಲ ಒಂದೆರಡು ಸುತ್ತು ಹತ್ತುತ್ತವೆ ಕೂಡ. ಆದರೆ ಇಂಚಿಗೆ 18 ಸುತ್ತಿರುವ ಮೊದಲನೆಯದರ ಒಂದು ಸುತ್ತು 1.41 ಮಿಲಿಮೀಟರ್, ಎಂ8ರದ್ದು 1.25. ಸ್ಪ್ಯಾನರ್ ಹಾಕಿ ಒತ್ತಾಯದಿಂದ ತಿರುಗಿಸಿದರೆ ಹಾಳಾಗುವುದು ಮೇಜಿನೊಳಗಿನ ಥ್ರೆಡ್.

ಇಲ್ಲಿಂದ ತರಿಸುವವರು ಭಾಗದ ಬೆಲೆಗೆ ಸಾಗಣೆಯನ್ನೂ ಸುಂಕವನ್ನೂ ಕೂಡಿಸಿಕೊಂಡು ಯೋಚಿಸಬೇಕು. ನನ್ನ ಮಟ್ಟಿಗೆ, ವಿದೇಶದಿಂದ ಬರುವ ಬಂಧುಗಳ ಪೆಟ್ಟಿಗೆಯಲ್ಲಿ ಬಂದರೆ ಒಳ್ಳೆಯ ವಸ್ತು. ಇದೊಂದಕ್ಕಾಗಿಯೇ ತರಿಸುವಷ್ಟು ದೊಡ್ಡದಲ್ಲ.

ಲೇತ್ ಅಂಗಡಿಯ ತುಂಡು

ಏಕೆಂದರೆ ಇದರಲ್ಲಿ ಗುಟ್ಟೇನೂ ಇಲ್ಲ. ಎರಡನೆಯ ಜೋಡಿಯನ್ನು ನಾನು ಕುಂಬಳೆಯ ಲೇತ್ ಅಂಗಡಿಯೊಂದರಲ್ಲಿ 40 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ದಪ್ಪದ ಕಬ್ಬಿಣದ ಆಂಗಲ್ ತುಂಡರಿಸಿ ಮಾಡಿಸಿದೆ. ಒಂದು ಕಾಲಿನಲ್ಲಿ ಬೋಲ್ಟಿಗೆ ಸರಿಯಾಗಿ ಕೂರುವ ರಂಧ್ರ, ಇನ್ನೊಂದರಲ್ಲಿ ಎಂ6 ಟ್ಯಾಪ್ ಹೊಡೆದ (ಒಳಗೆ ಥ್ರೆಡ್ ಕೊರೆದ) ರಂಧ್ರ, ಹೊರಗಡೆ ಲಾಕ್ ನಟ್. ಎಂ6ರ ಒಂದು ಸುತ್ತು ನಿಖರವಾಗಿ ಒಂದು ಮಿಲಿಮೀಟರ್ ಆದ್ದರಿಂದ ಲೆಕ್ಕಕ್ಕೆ ಅದು ಇಂಚಿನ ತಿರುಪಿಗಿಂತಲೂ ಅನುಕೂಲ.

ಮಾಡಿಸುವಾಗ ಮೂರು ವಿಷಯಗಳಲ್ಲಿ ಹಟ ಹಿಡಿಯಬೇಕು. ಬೋಲ್ಟಿನ ರಂಧ್ರವನ್ನು ‘ಇರಲಿ, ಸಲೀಸಾಗಿ ಹೋಗಲಿ’ ಎಂದು ದೊಡ್ಡದು ಮಾಡಗೊಡಬಾರದು. ಅಲ್ಲಿ ಸಡಿಲವಿದ್ದರೆ ತಿರುಪು ಟ್ರನಿಯನ್ನನ್ನು ತಳ್ಳುವ ಬದಲು ಬ್ರಾಕೆಟ್ಟನ್ನೇ ಹಿಂದಕ್ಕೆ ದೂಡುತ್ತದೆ. ತಿರುಪಿನ ತುದಿ ಚೂಪಾಗಿರದೆ ಉರುಟಾಗಿರಬೇಕು, ಇಲ್ಲವಾದರೆ ಎರಕದ ಕಬ್ಬಿಣದಲ್ಲಿ ಗುಳಿ ಬಿದ್ದು, ಮುಂದಿನ ಸಲದ ಸೂಕ್ಷ್ಮ ಹೊಂದಾಣಿಕೆಯಲ್ಲಿ ತಿರುಪು ಆ ಗುಳಿಗೇ ಜಾರಿ ಕೂರುತ್ತದೆ. ಆಂಗಲ್ಲಿಗೆ ರೆಡ್ ಆಕ್ಸೈಡ್ ಬಳಿಸಬೇಕು, ಏಕೆಂದರೆ ನಮ್ಮ ಆಟಿ ತಿಂಗಳ ಮಳೆ ಬಣ್ಣವಿಲ್ಲದ ಕಬ್ಬಿಣವನ್ನು ಉಳಿಸುವುದಿಲ್ಲ. ತಿರುಪಿನ ಥ್ರೆಡ್ಡಿಗೆ ಗ್ರೀಸ್ ಹಚ್ಚಿದರೆ ಸಾಕು. ತೆಂಗಿನೆಣ್ಣೆ ಕೈಗೆ ಸಿಗುತ್ತದೆಂದು ಅದನ್ನೇ ಸುರಿಯುವವರಿದ್ದಾರೆ, ಅದು ಮರದ ಹುಡಿಯನ್ನು ಹಿಡಿದುಕೊಂಡು ಅಂಟುತ್ತದೆ.

ಹಳೆಯ ಬೋಲ್ಟುಗಳು ತುಕ್ಕಿನಿಂದ ಕಚ್ಚಿಕೊಂಡಿರುವ ಯಂತ್ರಕ್ಕೂ ಅಪರೂಪದ ಕಂಪನಿಯ ಯಂತ್ರಕ್ಕೂ ಈ ದಾರಿಯೇ ಸರಿ. ಕೊಂಡ ಬ್ರಾಕೆಟ್ಟಿನಲ್ಲಿ ಅಚ್ಚುಕಟ್ಟುತನ ಹೆಚ್ಚು, ಇದರಲ್ಲಿ ನಿಮ್ಮ ಯಂತ್ರಕ್ಕೆ ಹೊಂದುವ ಗುಣ ಹೆಚ್ಚು. ಒಂದು ವರ್ಷದ ಬಳಕೆಯಲ್ಲಿ ಎರಡರ ಹಿಡಿತದಲ್ಲಿ ನನಗೆ ವ್ಯತ್ಯಾಸ ಕಂಡಿಲ್ಲ.

ಊರಿನ ಮೇಜುಗರಗಸಕ್ಕೂ ಇದೇ ಉಪಾಯ ನಡೆಯುತ್ತದೆ. ಅಲ್ಲಿ ಶಾಫ್ಟನ್ನು ಹೊತ್ತ ಬೇರಿಂಗ್ ಬ್ಲಾಕುಗಳ ಬೋಲ್ಟ್ ರಂಧ್ರಗಳು ಉದ್ದುದ್ದವಾಗಿರುತ್ತವೆ. ಒಂದು ಬ್ಲಾಕಿನ ಎರಡು ಬದಿಗೆ ಬೆಸೆದ ತುಂಡುಗಳಲ್ಲಿ ತಿರುಪು ಹಾಕಿದರೆ ಆಯಿತು.

ಯಾವ ಬ್ರಾಕೆಟ್ಟೂ ಸರಿಪಡಿಸದ ಓರೆ

90 ಡಿಗ್ರಿಯಲ್ಲಿ ಸೊನ್ನೆ ತೋರಿಸಿದ ಯಂತ್ರ 45 ಡಿಗ್ರಿಗೆ ವಾಲಿಸಿದೊಡನೆ ಓರೆಯಾಗುವುದುಂಟು. ಅನೇಕರು ಇಲ್ಲಿ ಬ್ರಾಕೆಟ್ಟಿನ ತಿರುಪನ್ನು ಮತ್ತೆ ತಿರುಗಿಸಿ 45ನ್ನು ಸರಿಮಾಡಿ 90ನ್ನು ಕೆಡಿಸಿಕೊಳ್ಳುತ್ತಾರೆ, ನಾನೂ ಒಮ್ಮೆ ಹಾಗೆ ಮಾಡಿದ್ದೇನೆ. ಈ ಓರೆ ಎಡಬಲದ್ದಲ್ಲ, ಎತ್ತರದ್ದು. ಮುಂದಿನ ಮತ್ತು ಹಿಂದಿನ ಟ್ರನಿಯನ್ನುಗಳಲ್ಲಿ ಒಂದು ಮೇಜಿನ ಅಡಿಯಿಂದ ತುಸು ಹೆಚ್ಚು ಕೆಳಗಿದ್ದರೆ, ಬ್ಲೇಡು ನೆಟ್ಟಗೆ ನಿಂತಾಗ ಅದು ತನ್ನದೇ ಸಮತಲದಲ್ಲಿ ಸ್ವಲ್ಪ ತಿರುಗಿದಂತಾಗುತ್ತದೆ, ಯಾವ ಡಯಲಿಗೂ ಅದು ಕಾಣುವುದಿಲ್ಲ. ವಾಲಿದಾಗ ಮಾತ್ರ ಎತ್ತರದ ಆ ವ್ಯತ್ಯಾಸ ಪಕ್ಕದ ಓರೆಯಾಗಿ ಹೊರಬೀಳುತ್ತದೆ.

ಇದಕ್ಕೆ ಮದ್ದು ಶಿಮ್, ಅಂದರೆ ಟ್ರನಿಯನ್ನಿಗೂ ಮೇಜಿಗೂ ನಡುವೆ ಇಡುವ ತೆಳು ಹಿತ್ತಾಳೆಯ ತಗಡು. ತುರ್ತಿಗೆ ತಂಪು ಪಾನೀಯದ ಅಲ್ಯುಮಿನಿಯಂ ಡಬ್ಬಿ ಕತ್ತರಿಸಿದರೂ ನಡೆಯುತ್ತದೆ. ಯಾವುದಕ್ಕೆ ಇಡಬೇಕೆಂಬ ನಿಯಮ ಹೀಗೆ: 45ರಲ್ಲಿ ಅಳೆದಾಗ, ಬ್ಲೇಡಿನ ತಲೆ ವಾಲಿದ ಕಡೆಗೇ ಅದರ ಹಿಂತುದಿಯೂ ಸರಿದಿದ್ದರೆ ಹಿಂದಿನ ಟ್ರನಿಯನ್ ತಗ್ಗಾಗಿದೆ ಎಂದರ್ಥ, ತಗಡನ್ನು ಮುಂದಿನದಕ್ಕೆ ಇಟ್ಟು ಅದನ್ನೂ ತಗ್ಗಿಸಬೇಕು, ಹಿಂತುದಿ ವಾಲಿದ ದಿಕ್ಕಿಗೆ ಎದುರಾಗಿ ಸರಿದಿದ್ದರೆ ತಗಡು ಹಿಂದಿನದಕ್ಕೆ. 45 ಡಿಗ್ರಿಯಲ್ಲಿ ಎತ್ತರದ ವ್ಯತ್ಯಾಸವೂ ಪಕ್ಕದ ಓರೆಯೂ ಒಂದೇ ಪ್ರಮಾಣದಲ್ಲಿರುವುದರಿಂದ ತಗಡಿನ ದಪ್ಪವನ್ನು ಊಹಿಸಬೇಕಾಗಿಲ್ಲ. ಅಳತೆಯ ಅಂತರದಲ್ಲಿ 0.1 ಮಿಲಿಮೀಟರ್ ಓರೆಯಿದ್ದು, ಟ್ರನಿಯನ್ನುಗಳ ಅಂತರ ಅದರ ಒಂದೂವರೆ ಪಟ್ಟು ಎಂದಾದರೆ 0.15 ಮಿಲಿಮೀಟರ್ ತಗಡು ಬೇಕು. ಒಂದು ಟ್ರನಿಯನ್ನಿನ ಎರಡು ಬೋಲ್ಟುಗಳಿಗೂ ಒಂದೇ ದಪ್ಪದ ತಗಡು ಹಾಕಿ, ಬಿಗಿದ ಮೇಲೆ 90ರ ಹೊಂದಾಣಿಕೆಯನ್ನು ಮೊದಲಿನಿಂದ ಮಾಡಬೇಕು. ಬ್ರಾಕೆಟ್ ಇರುವವರಿಗೆ ಈ ಎರಡನೆಯ ಸುತ್ತು ಹತ್ತು ನಿಮಿಷದ ಕೆಲಸ, ಕೊಡತಿಯವರಿಗೆ ಇನ್ನೊಂದು ಮಧ್ಯಾಹ್ನ. ವಾಲಿಸಿ ಕೊಯ್ಯುವ ಕೆಲಸ ಹೆಚ್ಚಿರುವವರು ಬ್ರಾಕೆಟ್ ಹಾಕಿಸಬೇಕೆಂದು ನಾನು ಹೇಳುವುದು ಮುಖ್ಯವಾಗಿ ಇದಕ್ಕಾಗಿ.

ತಿರುಪು ತಿರುಗಿಸಿದರೂ ಟ್ರನಿಯನ್ ಒಂದು ಹಂತದಲ್ಲಿ ನಿಂತುಬಿಟ್ಟರೆ, ರಂಧ್ರದೊಳಗಿನ ಜಾಗ ಮುಗಿದಿದೆ ಎಂದರ್ಥ. ಒತ್ತಾಯಿಸದೆ, ಮುಂದಿನ ಟ್ರನಿಯನ್ನನ್ನು ಎದುರು ದಿಕ್ಕಿಗೆ ಸ್ವಲ್ಪ ಸರಿಸಿ ನೋಡಬೇಕು. ಅದೂ ಸಾಲದಿದ್ದರೆ ರಂಧ್ರವನ್ನು ಉರುಟು ಅರದಿಂದ ಉಜ್ಜಿ ದೊಡ್ಡದು ಮಾಡಬೇಕು.

ಜೊತೆಗೆ ಮಾರುವ ಇತರ ಭಾಗಗಳು

ಇದೇ ಯಂತ್ರಗಳಿಗೆಂದು ಕೊಂಡಿ ಕೊಂಡಿಯಾಗಿ ಜೋಡಿಸಿದ ಲಿಂಕ್ ಬೆಲ್ಟು, ಲೇತಿನಲ್ಲಿ ಕಡೆದ ಪುಲ್ಲಿಗಳನ್ನೂ ಮಾರುತ್ತಾರೆ. ಅವು ಕಂಪನವನ್ನು ಕಡಿಮೆ ಮಾಡುತ್ತವೆ, ಓರೆಯನ್ನಲ್ಲ. ಮಳೆಗಾಲವಿಡೀ ನಿಂತ ಯಂತ್ರದ ಸಾಮಾನ್ಯ ವಿ-ಬೆಲ್ಟು ಪುಲ್ಲಿಯ ಆಕಾರಕ್ಕೇ ಬಗ್ಗಿ ಗಟ್ಟಿಯಾಗಿ, ಚಾಲೂ ಮಾಡಿದಾಗ ಮೋಟರನ್ನು ಕುಣಿಸುವುದನ್ನು ನೋಡಿದವರಿಗೆ ಲಿಂಕ್ ಬೆಲ್ಟಿನ ಬೆಲೆ ಹೆಚ್ಚೆನಿಸದು. ಪುಲ್ಲಿ ಬದಲಿಸುವವರು ಒಂದನ್ನು ಗಮನಿಸಬೇಕು: ಸೌದಿಯ ವಿದ್ಯುತ್ತು 60 ಹರ್ಟ್ಸ್, ನಮ್ಮದು 50. ಅಲ್ಲಿ ನಿಮಿಷಕ್ಕೆ 3450 ಸುತ್ತು ತಿರುಗುತ್ತಿದ್ದ ಮೋಟರು ಇಲ್ಲಿ ಸುಮಾರು 2875 ಸುತ್ತಿಗೆ ಇಳಿಯುತ್ತದೆ, ಮತ್ತು 60ಕ್ಕೆಂದೇ ಸುತ್ತಿದ ಮೋಟರು 50ರಲ್ಲಿ ಹೆಚ್ಚು ಬಿಸಿಯಾಗುತ್ತದೆ. ನಾನು ಕೊನೆಗೆ ಮೋಟರನ್ನೇ ಬದಲಿಸಿದೆ.

ಟ್ರನಿಯನ್ ಸರಿದಾಗ ಶಾಫ್ಟಿನ ಪುಲ್ಲಿಯೂ ಜೊತೆಗೆ ಸರಿದಿರುತ್ತದೆ. ಆದ್ದರಿಂದ ಎರಡು ಪುಲ್ಲಿಗಳ ಮುಖಕ್ಕೆ ನೇರವಾದ ಪಟ್ಟಿ ಆನಿಸಿ ಅವನ್ನು ಮತ್ತೆ ಒಂದೇ ಸಾಲಿಗೆ ತರಬೇಕು. ಫೆನ್ಸಿನ ಸರದಿ ಎಲ್ಲಕ್ಕೂ ಕೊನೆಗೆ: ಅದನ್ನು ಬ್ಲೇಡಿಗಲ್ಲ, ಸ್ಲಾಟಿಗೆ ಸಮಾಂತರವಾಗಿಸಿ, ಅದರ ಹಿಂತುದಿಯನ್ನು 0.05ರಿಂದ 0.1 ಮಿಲಿಮೀಟರಿನಷ್ಟು, ಎಂದರೆ ಹೆಚ್ಚೆಂದರೆ ಆ ಝೆರಾಕ್ಸ್ ಹಾಳೆಯ ದಪ್ಪದಷ್ಟು, ಬ್ಲೇಡಿನಿಂದ ದೂರಕ್ಕೆ ಬಿಡಬೇಕು. ಒಂದು ವಾರ ಕೆಲಸ ಮಾಡಿ, ಬೋಲ್ಟುಗಳು ಕೂತುಕೊಂಡ ಮೇಲೆ ಡಯಲ್ ಹಿಡಿದು ಇನ್ನೊಮ್ಮೆ ಅಳೆಯಿರಿ. ಕೊಡತಿಯಿಂದ ಸರಿಪಡಿಸಿದ ಯಂತ್ರವಾದರೆ ಎರಡನೆಯ ದಿನವೇ ಅಳೆಯಿರಿ.